ಲೈನ್ ಕ್ಲಿಯರ್ ಪದ್ಧತಿಯೂ ಗಣಕಯಂತ್ರಗಳ ಪ್ರವೇಶಾಧಿಕಾರವೂ

ಗೋಣಿಕೊಪ್ಪಲು ದಕ್ಷಿಣ ಕೊಡಗಿನಲ್ಲಿ ಕಾಫಿ, ಕರಿಮೆಣಸುಗಳ ವ್ಯಾಪಾರಕ್ಕೆ ಹೆಸರಾದ ಪೇಟೆ. ಇದರ ಸುತ್ತಲಿನ ವಿದ್ಯುತ್ತಂತಿಗಳು ಬಹುಮಟ್ಟಿಗೆ ತೋಟಗಳ ನೆರಳುಮರಗಳ ನಡುವೆ ಹಾದುಹೋಗುವುವು. ಮುಂಗಾರಿನಲ್ಲಿ ಮರವುರುಳಿ ತಂತಿ ಹರಿದಾಗ, ದೀಪವು ಬೇಗ ಬರಬೇಕೆಂಬುದು ಜನರ ಅಪೇಕ್ಷೆ. ತಾನು ಕಂಬದ ಮೇಲಿರುವಷ್ಟು ಕಾಲ ವಿದ್ಯುತ್ತು ಹರಿಯಬಾರದೆಂಬುದು ಲೈನ್‌ಮ್ಯಾನನ ಅವಶ್ಯಕತೆ. ಇವೆರಡನ್ನೂ ಹೊಂದಿಸಲು ಏರ್ಪಟ್ಟಿರುವುದೇ 'ಲೈನ್ ಕ್ಲಿಯರ್' ಪದ್ಧತಿ.

ಇದರ ಕ್ರಮವು ಸರಳವಾದುದು. ಕೆಲಸ ಮಾಡತಕ್ಕವನು ಉಪಕೇಂದ್ರದಿಂದ ಅನುಮತಿಯನ್ನು ಕೇಳುತ್ತಾನೆ. ಅಲ್ಲಿಯವರು ಆ ಮಾರ್ಗದ ಸ್ವಿಚ್ಚನ್ನು ತೆರೆದು ಭದ್ರಪಡಿಸಿ, ಪಡೆದವನ ಹೆಸರನ್ನೂ ವೇಳೆಯನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅವನು ತಂತಿಯನ್ನು ಪರೀಕ್ಷಿಸಿ ಭೂಮಿಗೆ ಜೋಡಿಸಿದ ಮೇಲೆಯೇ ಕೆಲಸಕ್ಕೆ ಕೈಹಾಕುತ್ತಾನೆ. ಯಾವುದಾದರೊಂದು ತೋಟದ ಜನರೇಟರಿನಿಂದ ವಿದ್ಯುತ್ತು ಹಿಮ್ಮುಖವಾಗಿ ಬಂದರೂ ಈ ಜೋಡಣೆಯೇ ರಕ್ಷೆ. ಒಂದೇ ಮಾರ್ಗದಲ್ಲಿ ಎರಡು ತಂಡಗಳಿದ್ದರೆ ಅನುಮತಿಗಳೂ ಎರಡು. ಎರಡೂ ಹಿಂದಿರುಗುವವರೆಗೆ ವಿದ್ಯುತ್ತನ್ನು ಹರಿಸಕೂಡದು.

ಈಗ ಕರ್ನಾಟಕದಲ್ಲಿ ಉಪಕೇಂದ್ರಗಳ ಮೇಲ್ವಿಚಾರಣೆಯು ಗಣಕಯಂತ್ರಗಳ ಮೂಲಕವೂ ನಡೆಯುತ್ತಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರವು 2021ರಲ್ಲಿ ಈ ಕ್ಷೇತ್ರದ ಸೈಬರ್ ಭದ್ರತೆಗೆ ಮಾರ್ಗಸೂಚಿಗಳನ್ನು ಹೊರಡಿಸಿತು. ಆದರೆ ಭದ್ರತೆಯ ಹೆಸರಿನಲ್ಲಿ ಪ್ರವೇಶವನ್ನು ದುಸ್ಸಾಧ್ಯವಾಗಿಸಿದರೆ ಫಲವು ವಿಪರೀತವಾಗುವುದು. ಪಾಳಿಯವರೆಲ್ಲರೂ ಒಂದೇ ಪಾಸ್‌ವರ್ಡನ್ನು ಬಳಸತೊಡಗುವರು. ಅದು ಗೋಡೆಯ ಮೇಲಿನ ಚೀಟಿಗೂ ಏರುವುದು. ಆಗ ದಾಖಲೆಯಲ್ಲಿ ಹೆಸರೊಂದು ಇದ್ದರೂ ಕೆಲಸ ಮಾಡಿದವನಾರೆಂಬುದು ತಿಳಿಯದು. ಅಮೆರಿಕದ ಪ್ರಮಾಣಸಂಸ್ಥೆಯಾದ ನಿಸ್ಟ್, ಬಯಲಾದುದಕ್ಕೆ ಸಾಕ್ಷ್ಯವಿಲ್ಲದೆ ಪಾಸ್‌ವರ್ಡನ್ನು ನಿಯತಕಾಲಕ್ಕೊಮ್ಮೆ ಬದಲಾಯಿಸುವಂತೆ ಬಲಾತ್ಕರಿಸಬಾರದೆಂದು 2017ರಲ್ಲಿ ಸೂಚಿಸಿದುದು ಈ ಸ್ವಭಾವವನ್ನರಿತೇ.

ಇದಕ್ಕೆ ಪ್ರತಿಯಾಗಿ, ಹಿಂದಕ್ಕೆ ಪಡೆಯದ ಅನುಮತಿಯ ಅಪಾಯವು 2021ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಸಂಸ್ಥೆಯೊಳಕ್ಕೆ ದುಷ್ಕರ್ಮಿಗಳು ಹೊಕ್ಕುದು, ಬಳಕೆ ತಪ್ಪಿಯೂ ರದ್ದಾಗದೆ ಉಳಿದಿದ್ದ ದೂರಪ್ರವೇಶದ ಒಂದು ಖಾತೆಯಿಂದ. ಅದಕ್ಕೆ ಪಾಸ್‌ವರ್ಡೊಂದೇ ಕಾವಲು, ಎರಡನೆಯ ಪರೀಕ್ಷೆಯಿರಲಿಲ್ಲ. ಪರಿಣಾಮವಾಗಿ ಇಂಧನದ ಸಾಗಣೆಯು ಹಲವು ದಿನ ನಿಂತಿತು. ಲೈನ್ ಕ್ಲಿಯರಿನ ಭಾಷೆಯಲ್ಲಿ ಹೇಳುವುದಾದರೆ, ಕೆಲಸ ಮುಗಿದಿತ್ತು. ಅನುಮತಿ ಮಾತ್ರ ಹಿಂದಿರುಗಿರಲಿಲ್ಲ.

ಆದುದರಿಂದ ಪ್ರವೇಶಾಧಿಕಾರಕ್ಕೆ ಮೂರು ಲಕ್ಷಣಗಳು ಅವಶ್ಯ: ಅದು ಒಬ್ಬನ ಹೆಸರಿನಲ್ಲಿರಬೇಕು, ಒಂದು ಕೆಲಸಕ್ಕೆ ಮಾತ್ರ ಸಲ್ಲಬೇಕು, ಕೆಲಸದೊಡನೆಯೇ ಮುಗಿಯಬೇಕು. ತುರ್ತುಸಮಯಕ್ಕೆಂದು ಮುದ್ರೆಯೊತ್ತಿದ ಬದಲಿ ಕೀಲಿಯೊಂದಿರಬಹುದು. ಅದನ್ನು ತೆರೆದುದು ಕೂಡಲೆ ಮೇಲಧಿಕಾರಿಗೆ ತಿಳಿಯಬೇಕು. ಇವೆಲ್ಲಕ್ಕೂ ಮೊದಲು, ಅನುಮತಿಯು ಕೇಳಿದೊಡನೆ ದೊರೆಯುವಂತಿರಬೇಕು. ಮಳೆಯಲ್ಲಿ ನೆನೆಯುತ್ತ ಕಂಬದಡಿಯಲ್ಲಿ ನಿಂತವನಿಗೆ ನಿಯಮದ ದಾರಿಯೇ ಹತ್ತಿರದ ದಾರಿಯೂ ಆದರೆ, ಅವನು ಅಡ್ಡದಾರಿಯನ್ನು ಹುಡುಕಲಾರನು.