ಸಜೀವಚಿತ್ರ ಶಿಕ್ಷಣದಲ್ಲಿ ಕೃತಕ ಬುದ್ಧಿಮತ್ತೆ: ಉದ್ಯಮಿಗಳು ಅರಿಯಬೇಕಾದುದು

ಅನಿಮೇಷನ್ ಕಲಿಯುವ ವಿದ್ಯಾರ್ಥಿಗಳಿಂದ ತಮ್ಮ ಉತ್ಪನ್ನದ ಕಿರುಚಿತ್ರ ಮಾಡಿಸುವ ಆಲೋಚನೆ ಸಣ್ಣ ಕೈಗಾರಿಕೆಗಳ ಮಾಲೀಕರಿಗೆ ಬರುವುದು ಸಹಜ. ವೆಚ್ಚ ಕಡಿಮೆ, ವಿದ್ಯಾರ್ಥಿಗಳಿಗೂ ಅನುಭವ. ಬರೆದ ಸೂಚನೆಯಿಂದಲೇ ಚಿತ್ರ, ಧ್ವನಿ, ದೃಶ್ಯಗಳನ್ನು ರಚಿಸಿಕೊಡುವ ಜನರೇಟಿವ್ ಎ.ಐ. ತಂತ್ರಾಂಶಗಳು ಬಂದ ಮೇಲೆ ಇಂತಹ ಚಿತ್ರ ಒಂದೇ ದಿನದಲ್ಲಿ ಸಿದ್ಧವಾಗುವುದೆಂಬ ನಂಬಿಕೆಯೂ ಹಬ್ಬಿದೆ. ಇದು ಅರ್ಧ ಸತ್ಯ ಮಾತ್ರ.

ಮೊದಲು ಶ್ರಮದ ಲೆಕ್ಕ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು. ಒಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸುವ ರೂಢಿಯನ್ನು ಅನುಸರಿಸಿದರೂ 30 ಸೆಕೆಂಡಿನ ಜಾಹೀರಾತಿಗೆ 360 ಚಿತ್ರಗಳು ಬೇಕು. ಹೀಗಾಗಿ ಬಹುಪಾಲು ಸಮಯ ಚಿತ್ರ ಬರೆಯುವುದರಲ್ಲಿಯೇ ಕಳೆದು, ಕಥೆ ಸರಿಯಿಲ್ಲವೆಂದು ತಿಳಿಯುವ ವೇಳೆಗೆ ತಿದ್ದಲು ಅವಕಾಶ ಉಳಿಯುತ್ತಿರಲಿಲ್ಲ. ಡಿಸ್ನಿ ಸಂಸ್ಥೆಯಲ್ಲಿ 1930ರ ದಶಕದ ಆರಂಭದಲ್ಲಿ ರೂಪುಗೊಂಡ ಸ್ಟೋರಿಬೋರ್ಡ್ ಪದ್ಧತಿಯ ಉಪಯೋಗವೇ ಇದು: ದುಬಾರಿ ಕೆಲಸಕ್ಕೆ ಕೈಹಾಕುವ ಮುನ್ನ ಕಥೆಯನ್ನು ಗೋಡೆಯ ಮೇಲೆ ಹಚ್ಚಿ ಪರೀಕ್ಷಿಸುವುದು.

ಎ.ಐ. ನಿಜವಾಗಿ ನೆರವಾಗುವುದೂ ಈ ಹಂತದಲ್ಲಿಯೇ. ವಿದ್ಯಾರ್ಥಿಗಳು ಮೊದಲು ಕಥೆಯನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು: ಯಾರಿಗೆ ಏನು ಬೇಕು, ಅಡ್ಡಿ ಯಾವುದು, ಕೊನೆಗೆ ಏನು ಬದಲಾಯಿತು. ಬಳಿಕ ಆರೆಂಟು ಚೌಕಗಳನ್ನು ಕೈಯಿಂದಲೇ ಗೀಚಬೇಕು, ಚಿತ್ರ ಅಂದವಾಗಿರಬೇಕೆಂದಿಲ್ಲ. ಅನಂತರವೇ ತಂತ್ರಾಂಶ. ಒಂದೇ ದೃಶ್ಯವನ್ನು ಹತ್ತಿರದಿಂದ, ಮೇಲಿನಿಂದ, ರಾತ್ರಿಯ ಬೆಳಕಿನಲ್ಲಿ ಮಾಡಿಸಿ, ಧ್ವನಿಯೊಂದಿಗೆ ಹೊಂದಿಸಿ ನೋಡಿದರೆ ಯಾವುದು ನಿಲ್ಲುವುದೆಂದು ಬೇಗನೆ ತಿಳಿಯುತ್ತದೆ. ಕೈಬಿಟ್ಟ ಚಿತ್ರಗಳನ್ನೂ ಕಾರಣಸಹಿತ ಒಪ್ಪಿಸುವಂತೆ ಅಧ್ಯಾಪಕರು ಕೇಳುವುದು ಲೇಸು. ಕಲಿತದ್ದು ಅಲ್ಲಿ ಕಾಣುತ್ತದೆ. ಕಥೆಯನ್ನೂ ಯಂತ್ರವನ್ನೇ ಕೇಳಿದಲ್ಲಿ ಇಡೀ ತರಗತಿಯ ಚಿತ್ರಗಳು ಒಂದೇ ಅಚ್ಚಿನ ಬೆಲ್ಲದಂತಾಗುತ್ತವೆ.

ದೃಶ್ಯದಿಂದ ದೃಶ್ಯಕ್ಕೆ ರೂಪ ಬದಲಾಗುವುದು ಈ ತಂತ್ರಾಂಶಗಳ ದೊಡ್ಡ ದೋಷ. ಪಾತ್ರದ ಅಂಗಿಯ ಬಣ್ಣ ಬದಲಾದರೆ ಸಹಿಸಬಹುದು. ಪಂಪಿನ ಫ್ಲೇಂಜಿಗೆ ಮೊದಲು ನಾಲ್ಕು ಬೋಲ್ಟುಗಳಿದ್ದು ಮುಂದಿನ ದೃಶ್ಯದಲ್ಲಿ ಆರಾದರೆ ಡೀಲರುಗಳು ನಗುತ್ತಾರೆ. ಆದುದರಿಂದ ಉತ್ಪನ್ನದ ನಿಜವಾದ ಛಾಯಾಚಿತ್ರ ಅಥವಾ ನಕ್ಷೆಯನ್ನು ವಿದ್ಯಾರ್ಥಿಗಳಿಗೆ ಒದಗಿಸಬೇಕು. ಕನ್ನಡದ ಒತ್ತಕ್ಷರಗಳೂ ಕೆಡುವುದುಂಟು. ಹೆಸರು, ಬೆಲೆಗಳನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಸೇರಿಸುವುದು ಕ್ಷೇಮ.

ಕೃತಿಸ್ವಾಮ್ಯದ ವಿಚಾರವನ್ನು ನಮ್ಮ ಸದಸ್ಯರು ಹಗುರವಾಗಿ ಕಾಣಬಾರದು. ಅಮೆರಿಕದ ಕೃತಿಸ್ವಾಮ್ಯ ಕಚೇರಿಯು 2023ರಲ್ಲಿ 'ಝಾರ್ಯ ಆಫ್ ದ ಡಾನ್' ಎಂಬ ಕಾಮಿಕ್ಸ್ ಪುಸ್ತಕದ ಬರಹಕ್ಕೂ ಜೋಡಣೆಗೂ ರಕ್ಷಣೆ ನೀಡಿ, ಯಂತ್ರ ರಚಿಸಿದ ಬಿಡಿ ಚಿತ್ರಗಳಿಗೆ ನಿರಾಕರಿಸಿತು. ನಮ್ಮ 1957ರ ಕಾಯಿದೆಯು ಕಂಪ್ಯೂಟರ್‌ನಿಂದ ರಚಿತವಾದ ಕೃತಿಗೆ ಅದನ್ನು ರಚನೆಗೊಳಿಸಿದ ವ್ಯಕ್ತಿಯೇ ಕರ್ತೃ ಎನ್ನುತ್ತದೆ. ಅದೇ ಕಾಯಿದೆಯಂತೆ ಹಣ ಕೊಟ್ಟು ಮಾಡಿಸಿದ ಚಲನಚಿತ್ರದ ಮೊದಲ ಸ್ವಾಮ್ಯ, ವಿರುದ್ಧವಾದ ಒಪ್ಪಂದವಿಲ್ಲದಿದ್ದಲ್ಲಿ, ಮಾಡಿಸಿದವರದು. 'ಪ್ರಾಜೆಕ್ಟ್ ತಾನೇ' ಎಂದು ಪುಕ್ಕಟೆಯಾಗಿ ಮಾಡಿಸಿಕೊಂಡವರಿಗೆ ಈ ಆಸರೆ ಇರುವುದಿಲ್ಲ. ಅಲ್ಪವಾದರೂ ಸಂಭಾವನೆ ನೀಡಿ, ಬಳಸಿದ ತಂತ್ರಾಂಶದ ಹೆಸರು, ಅದರ ವಾಣಿಜ್ಯ ಬಳಕೆಯ ಷರತ್ತು ಹಾಗೂ ಕೈಬರಹದ ಸ್ಟೋರಿಬೋರ್ಡಿನ ಪ್ರತಿಯನ್ನು ಒಪ್ಪಂದದೊಂದಿಗೆ ಪಡೆದಿಟ್ಟುಕೊಳ್ಳತಕ್ಕದ್ದು.