ಬೆಟ್ಟದ ಮೆಟ್ಟಿಲೂ ಮನೆಮಂದಿಯ ರಜೆಯೂ

ರಜೆ ಬಂತೆಂದರೆ ಕಡಲಿನ ಕಡೆಗೆ ಮುಖಮಾಡುವುದು ನಮ್ಮ ನಗರವಾಸಿಗಳಲ್ಲಿ ಈಚೆಗೆ ರೂಢಿಯಾಗಿಬಿಟ್ಟಿದೆ. ಕಡಲಿನ ಮೇಲೆ ನನಗೆ ವೈರವೇನೂ ಇಲ್ಲ. ಆದರೆ ಮರಳಿನ ಮೇಲೆ ಮೂರು ದಿನ ಕುಳಿತೆದ್ದು ಬರುವ ಸಂಸಾರವೊಂದನ್ನು ವಾಚಕರು ತುಸು ಗಮನಿಸಿ ನೋಡಬೇಕು. ತಂದೆಗೆ ಕೈಯಲ್ಲಿನ ದೂರವಾಣಿ, ಮಕ್ಕಳಿಗೆ ನೀರು; ತಾಯಿಯಾದವಳು ಮಾತ್ರ ಚೀಲ, ಒದ್ದೆಬಟ್ಟೆ, ತಿಂಡಿಯ ಡಬ್ಬಿಗಳ ಕಾವಲಿಗೆ ನಿಂತಿರುತ್ತಾಳೆ. ಅಡುಗೆಮನೆಯೊಂದು ಸ್ಥಳ ಬದಲಿಸಿತೆಂಬುದನ್ನು ಬಿಟ್ಟರೆ ಆಕೆಗೆ ದೊರೆತ ರಜೆ ಯಾವುದು?

ಮನೆಮಂದಿಯೆಲ್ಲ ಕೂಡಿ ನಡೆಯುವ ರಜೆಯಲ್ಲಿ ಈ ಅನ್ಯಾಯ ತಾನಾಗಿಯೇ ತಗ್ಗುತ್ತದೆ. ಬೆಟ್ಟವೇರುವಾಗ ಕಾವಲಿಗೆ ನಿಲ್ಲುವವರು ಯಾರೂ ಇಲ್ಲ. ಹೊರೆಯನ್ನು ಎಲ್ಲರೂ ಹೊರಲೇಬೇಕು, ಏರನ್ನು ಎಲ್ಲರೂ ಏರಲೇಬೇಕು.

ಇದಕ್ಕೆ ಹಿಮಾಲಯವೇ ಆಗಬೇಕೆಂದಿಲ್ಲ. ಹಾಸನ ಜಿಲ್ಲೆಯ ಶ್ರವಣಬೆಳಗೊಳವನ್ನೇ ತೆಗೆದುಕೊಳ್ಳಿ. ಊರಿನ ನಡುವೆ ಕಲ್ಯಾಣಿ. ಒಂದು ಮಗ್ಗುಲಿಗೆ ದೊಡ್ಡ ಬೆಟ್ಟವಾದ ವಿಂಧ್ಯಗಿರಿ, ಇನ್ನೊಂದು ಮಗ್ಗುಲಿಗೆ ಚಿಕ್ಕ ಬೆಟ್ಟವಾದ ಚಂದ್ರಗಿರಿ. ದೊಡ್ಡ ಬೆಟ್ಟ ಬಯಲಿನಿಂದ ಸುಮಾರು 470 ಅಡಿ ಎತ್ತರ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು 600ಕ್ಕೂ ಹೆಚ್ಚು. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಎಂಬಾತ 1892ರಲ್ಲಿ ಒಂದು ಲೆಕ್ಕ ಹಾಕಿಕೊಟ್ಟಿದ್ದಾನೆ: 3 ಮೈಲಿ ನಡಿಗೆಗೆ 1 ಗಂಟೆ, ಅದರ ಮೇಲೆ 2000 ಅಡಿ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ನಮ್ಮ ವಿಂಧ್ಯಗಿರಿಯ ಏರಿಗೆ ಕಾಲು ಗಂಟೆಯೂ ಹಿಡಿಯಬಾರದು. ಆದರೆ ಆ ಮಹಾಶಯನ ಲೆಕ್ಕದಲ್ಲಿ, ನೂರನೆಯ ಮೆಟ್ಟಿಲಿನಲ್ಲಿ ಓತಿಕೇತವೊಂದನ್ನು ಕಂಡು ಕುಳಿತೇಬಿಡುವ ಎಂಟು ವರ್ಷದ ಹುಡುಗನಿಗೆ ಸ್ಥಳವಿಲ್ಲ. ಮಕ್ಕಳು ಜೊತೆಗಿದ್ದರೆ ಲೆಕ್ಕವನ್ನು ಮೂರರಿಂದ ಗುಣಿಸಿಕೊಳ್ಳುವುದೇ ವಿವೇಕ. ಓತಿಕೇತಕ್ಕೆ ಬಿಡುವಿಲ್ಲದ ರಜೆ ಅವನ ಪಾಲಿಗೆ ಶಾಲೆಯೇ ಸರಿ.

ಪಾದರಕ್ಷೆಯನ್ನು ಬುಡದಲ್ಲಿಯೇ ಬಿಟ್ಟು ಏರಬೇಕಾದ್ದರಿಂದ ಬೆಳಗಿನ ತಂಪಿನಲ್ಲೇ ಹೊರಡಬೇಕು. ಬೇಸಗೆಯ ನಡುಹಗಲಿನಲ್ಲಿ ಆ ಬಂಡೆ ಕಾದ ಹೆಂಚು. ಮನೆಯಲ್ಲಿ ಮಂಡಿನೋವಿನ ಅಜ್ಜಿಯಿದ್ದರೆ ಆಕೆಯ ವಿಷಯ ಹೊರಡುವ ಮೊದಲೇ ಇತ್ಯರ್ಥವಾಗಬೇಕು. ಡೋಲಿ ದೊರೆಯುತ್ತದೆ. ಬೇಡವೆಂದರೆ ಕೆಳಗೆ ಕಲ್ಯಾಣಿಯ ಬಳಿ ಆಕೆಯೊಡನೆ ಕೂರುವವರು ಯಾರು? ಬೆಟ್ಟದ ಬುಡದಲ್ಲಿ ನಿಂತು ಈ ಪ್ರಶ್ನೆಯನ್ನೆತ್ತಿದರೆ ಉತ್ತರ ಎಲ್ಲ ಮನೆಗಳಲ್ಲಿಯೂ ಒಂದೇ: ಸೊಸೆ. ಈ ಸಲ ಮಗನೇ ಕೂರಲಿ, ಅಥವಾ ಎರಡು ಬೆಟ್ಟಗಳಿರುವುದರಿಂದ ಸರದಿಯಾದರೂ ಆಗಲಿ.

ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ನಿಲ್ಲಿಸಿದ 58 ಅಡಿಯ ಗೊಮ್ಮಟನನ್ನು ಕಂಡವರು ಸಾಮಾನ್ಯವಾಗಿ ಛಾಯಾಚಿತ್ರ ತೆಗೆದುಕೊಂಡು ಇಳಿದುಬಿಡುತ್ತಾರೆ. ದ್ವಾರದ ಪಕ್ಕದಲ್ಲಿ ಬೊಪ್ಪಣ ಪಂಡಿತನ ಕನ್ನಡ ಸ್ತುತಿಕಾವ್ಯವೇ ಶಾಸನವಾಗಿ ನಿಂತಿರುವುದು ಅವರ ಕಣ್ಣಿಗೆ ಬೀಳುವುದಿಲ್ಲ. ಚಿಕ್ಕ ಬೆಟ್ಟಕ್ಕಂತೂ ಹೋಗುವವರೇ ವಿರಳ. ನನ್ನನ್ನು ಕೇಳಿದರೆ ಮಕ್ಕಳನ್ನು ಮೊದಲು ಕರೆದೊಯ್ಯಬೇಕಾದದ್ದು ಅಲ್ಲಿಗೆ. ಏರು ಸುಲಭ, ಜನಸಂದಣಿ ಕಡಮೆ, ಬಸದಿಗಳ ನೆರಳು ಧಾರಾಳ. ಸಲ್ಲೇಖನದಿಂದ ದೇಹ ಬಿಟ್ಟವರ ನೆನಪಿಗೆ ಕೆತ್ತಿದ ನಿಸಿದಿ ಶಾಸನಗಳು ಅಲ್ಲಿ ಬರಿಯ ನೆಲದ ಬಂಡೆಯ ಮೇಲೆಯೇ ಹರಡಿವೆ. ಅವುಗಳಲ್ಲಿ ನಂದಿಸೇನ ಮುನಿಯದು ಕನ್ನಡ ಎಂ.ಎ. ತರಗತಿಗೆ ಬಂದವರಿಗೆಲ್ಲ ಪರಿಚಿತ. ಪಂಪನಿಗಿಂತ ಎರಡು ಶತಮಾನಕ್ಕೂ ಹಿಂದಿನ ಕನ್ನಡ ಪದ್ಯ ಅದು. ನಾವು ಅದನ್ನು ಓದಿದ್ದು ಅಚ್ಚಿನ ಪುಟದಲ್ಲಿ, ಬಿ. ಎಲ್. ರೈಸ್ 1889ರಲ್ಲಿಯೂ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿಯೂ ಪ್ರಕಟಿಸಿದ ಸಂಪುಟಗಳ ಕೃಪೆಯಿಂದ. ಮಗುವಾದರೋ ಮೊಣಕಾಲೂರಿ ಬಂಡೆಯಲ್ಲಿಯೇ ಅಕ್ಷರ ಹುಡುಕುತ್ತದೆ. ಹತ್ತು ಅಕ್ಷರಗಳಲ್ಲಿ ಎರಡು ಗುರುತು ಸಿಕ್ಕರೂ ಅದರ ಸಂಭ್ರಮ ನೋಡಬೇಕು! ಸಂಜೆಯ ಓರೆಬಿಸಿಲಿನಲ್ಲಿ ಗೀರುಗಳು ಸ್ಪಷ್ಟವಾಗುತ್ತವಾದ್ದರಿಂದ ಬೆಳಗ್ಗೆ ದೊಡ್ಡ ಬೆಟ್ಟ, ಸಂಜೆ ಚಿಕ್ಕ ಬೆಟ್ಟ ಎಂದು ಹಂಚಿಕೊಳ್ಳುವುದು ಅನುಕೂಲ. ಬಾಗಿಲು ಮುಚ್ಚುವ ವೇಳೆಯನ್ನು ಮುಂಚೆಯೇ ವಿಚಾರಿಸಿಕೊಂಡಿರಬೇಕು.

ಇನ್ನು ಸಿದ್ಧತೆಯ ಮಾತು. ವೆಚ್ಚದ ಲೆಕ್ಕ ದೊಡ್ಡವರದಾಗಲಿ. ಆದರೆ ಭೂಪಟ ಹಿಡಿಯುವುದು, ನೀರಿನ ಸೀಸೆ ತುಂಬುವುದು, ಎಲ್ಲಿ ನಿಲ್ಲಬೇಕೆಂದು ಹೇಳುವುದು ಮಕ್ಕಳ ಅಧಿಕಾರವಾಗಲಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರೇ ಮುಂದೆ ನಡೆಯಲಿ. ಬುತ್ತಿಯನ್ನು ಕಟ್ಟುವ ಕೈಯೇ ಅದನ್ನು ಹೊರುವ ಹೆಗಲಾಗಬಾರದು.

ಕೋಟೆಯಲ್ಲಿ ಆಸಕ್ತಿಯುಳ್ಳ ಮಕ್ಕಳಿದ್ದರೆ ಚಿತ್ರದುರ್ಗ ಒಂದು ದಿನದ ನಡಿಗೆಗೆ ಸಾಲದೆ ಬರುವಷ್ಟು ದೊಡ್ಡದು. ಓದಿನ ಮನೆಯವರು ಕುಪ್ಪಳಿಗೆ ಹೋಗಿ ಕುವೆಂಪು ಅವರ ಮನೆಯಿಂದ ಕವಿಶೈಲಕ್ಕೆ ಏರಬಹುದು; ಹೆಚ್ಚು ದೂರವಿಲ್ಲ. 1994ರಲ್ಲಿ ತೀರಿಕೊಂಡ ಕವಿಯ ಸಮಾಧಿಯೂ ಆ ಬಂಡೆಗಳ ನಡುವೆಯೇ ಇದೆ. ಮಳೆಗಾಲದಲ್ಲಿ ಆ ಸೀಮೆಯ ಕಾಡಿನಲ್ಲಿ ಜಿಗಣೆಯ ಕಾಟ ಉಂಟು. ಸಣ್ಣ ಮಕ್ಕಳಿರುವವರು ಅಲ್ಲಿಗೆ ಡಿಸೆಂಬರಿನ ರಜೆಯನ್ನು ಕಾದಿರಿಸಿಕೊಳ್ಳುವುದು ಮೇಲು. ಆಗ ಬೆಳಗಿನ ಮಂಜು ಬೇರೆ ಇರುತ್ತದೆ.