ಗಣಿತದ ಸಮಚಿಹ್ನೆ, ಪ್ರೋಗ್ರಾಮಿನ ಸಮಚಿಹ್ನೆ

ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಮಗು '=' ಚಿಹ್ನೆಯನ್ನು ಸಾವಿರಾರು ಸಲ ಬರೆದಿರುತ್ತದೆ. ಎಡಭಾಗವೂ ಬಲಭಾಗವೂ ಸಮ ಎಂಬುದು ಅದರ ಗಟ್ಟಿ ಪೂರ್ವಜ್ಞಾನ. ಪ್ರೋಗ್ರಾಮಿಂಗ್ ಪಾಠದ ಮೊದಲ ವಾರದಲ್ಲೇ ನಾವು ಕಪ್ಪುಹಲಗೆಯ ಮೇಲೆ ಹೀಗೆ ಬರೆಯುತ್ತೇವೆ:

ಅಂಕ = ಅಂಕ + 1

ಬೀಜಗಣಿತ ಚೆನ್ನಾಗಿ ಬಲ್ಲ ಮಗುವಿಗೇ ಇದು ಹೆಚ್ಚು ತೊಡಕು. ಎರಡೂ ಕಡೆಯಿಂದ 'ಅಂಕ'ವನ್ನು ಕಳೆದರೆ 0 = 1 ಉಳಿಯುತ್ತದಲ್ಲ! ಆ ಮಗುವಿನ ತರ್ಕದಲ್ಲಿ ದೋಷವಿಲ್ಲ. 'ಈಗ ಹೀಗೇ ಬರೆದುಕೊಳ್ಳಿ, ಮುಂದೆ ಅರ್ಥವಾಗುತ್ತದೆ' ಎಂದು ದಾಟಿಸಿಬಿಟ್ಟರೆ ಲೂಪ್ ಪಾಠಕ್ಕೆ ಬರುವಷ್ಟರಲ್ಲಿ ಅದು ಬಾಯಿಪಾಠಕ್ಕೆ ಇಳಿದಿರುತ್ತದೆ, 'ಕಂಪ್ಯೂಟರ್ ನನಗಲ್ಲ' ಎಂದೂ ತೀರ್ಮಾನಿಸಿರುತ್ತದೆ.

ಭಾಷೆಗಳನ್ನು ರೂಪಿಸಿದವರೂ ಈ ತೊಡಕನ್ನು ಕಂಡಿದ್ದರು. ಆಲ್ಗಾಲ್ 60 ಮತ್ತು ಪಾಸ್ಕಲ್‌ನಲ್ಲಿ ಬೆಲೆ ಕೊಡಲು ':=' ಎಂಬ ಬೇರೆಯೇ ಚಿಹ್ನೆ ಇದೆ. ಸಿ ಮತ್ತು ಪೈಥಾನ್‌ನಲ್ಲಿ ಬೆಲೆ ಕೊಡಲು '=', ಸಮವೇ ಎಂದು ಪರೀಕ್ಷಿಸಲು '=='.

ಆದ್ದರಿಂದ ಮೊದಲ ದಿನದಿಂದಲೇ ಈ ಸಾಲನ್ನು 'ಸಮ' ಎಂದು ಓದಿಸಬಾರದು. 'ಅಂಕಕ್ಕೆ 1 ಕೂಡಿಸಿ, ಬಂದದ್ದನ್ನು ಅಂಕದಲ್ಲಿ ಬರೆ' ಎಂದು ಓದಿಸಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಮೊದಲು ಬಲಭಾಗದ ಲೆಕ್ಕ, ಆಮೇಲೆ ಬರೆಯುವ ಕೆಲಸ ಎಂಬ ಕ್ರಮ ತಾನಾಗಿಯೇ ಕೂಡಿಬರುತ್ತದೆ. ಇಂಗ್ಲಿಷ್‌ನಲ್ಲಿ ಇಷ್ಟು ಸಲೀಸಿಲ್ಲ. ಅಂದಹಾಗೆ, ಪೈಥಾನ್ 3ರಲ್ಲಿ ಚರಾಕ್ಷರದ ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಡಬಹುದು. ಮೇಲಿನ ಸಾಲು ಹಾಗೆಯೇ ಓಡುತ್ತದೆ, 'ಅಂಕ'ಕ್ಕೆ ಮೊದಲೊಂದು ಬೆಲೆ ಕೊಟ್ಟಿರಬೇಕಷ್ಟೆ.

ಇನ್ನು ಬೋಧನೋಪಕರಣ. ನಮ್ಮ ಪಾಠಯೋಜನೆಗಳಲ್ಲಿ ಚರಾಕ್ಷರವೆಂದರೆ ಡಬ್ಬಿ ಅಥವಾ ಲೋಟ. ನನಗೆ ಈ ಹೋಲಿಕೆ ಒಪ್ಪಿಗೆಯಿಲ್ಲ. ಈ ಮೂರು ಸಾಲು ನೋಡಿ:

ಅ = 5
ಬ = ಅ
ಅ = 8

ಎರಡನೇ ಸಾಲಿನಲ್ಲಿ ಒಂದು ಲೋಟದಿಂದ ಇನ್ನೊಂದಕ್ಕೆ ಸುರಿದಂತಾದರೆ 'ಅ' ಖಾಲಿಯಾಗಬೇಕು. ಆಗುವುದಿಲ್ಲ. ಡಬ್ಬಿಯಲ್ಲಾದರೆ 5ರ ಜೊತೆಗೆ 8 ಕೂಡ ಕೂರಬಹುದು. ಅದೂ ಆಗುವುದಿಲ್ಲ. ಇದಕ್ಕೆ ಸರಿಹೊಂದುವುದು ಸ್ಲೇಟು. ಪಕ್ಕದವರ ಸ್ಲೇಟು ನೋಡಿ ಬರೆದುಕೊಂಡರೆ ಅವರದ್ದು ಅಳಿಯುವುದಿಲ್ಲ; ಹೊಸದನ್ನು ಬರೆಯಲು ನಮ್ಮ ಹಳೆಯದನ್ನು ಒರೆಸಲೇಬೇಕು. ಇಬ್ಬರು ಮಕ್ಕಳನ್ನು ಸ್ಲೇಟು ಹಿಡಿಸಿ ನಿಲ್ಲಿಸಿ, ಮೂರನೆಯವರು ಒಂದೊಂದೇ ಸಾಲು ಓದಲಿ. ಕೊನೆಗೆ 'ಬ' ಎಷ್ಟು ಎಂದು ತರಗತಿ ಮೊದಲೇ ಬರೆದಿಟ್ಟುಕೊಳ್ಳಲಿ. 8 ಎಂದು ಬರೆದ ಮಗು ಸಮೀಕರಣದಂತೆ ಓದುತ್ತಿದೆ ಎಂದು ತಕ್ಷಣ ತಿಳಿಯುತ್ತದೆ, ಉತ್ತರ 5. ಇದಕ್ಕೆ ಕಂಪ್ಯೂಟರೂ ಬೇಡ, ಕರೆಂಟೂ ಬೇಡ.

ಮುಂದಿನ ಹೆಜ್ಜೆ ಅದಲುಬದಲು. 'ಅ'ದಲ್ಲಿ 5, 'ಬ'ದಲ್ಲಿ 8 ಇದ್ದಾಗ 'ಅ = ಬ', 'ಬ = ಅ' ಎಂದರೆ ಎರಡರಲ್ಲೂ 8 ಉಳಿಯುತ್ತದೆ. 5 ಎಲ್ಲಿ ಹೋಯಿತು? ಒರೆಸಿಹೋಯಿತು. ಮೂರನೇ ಸ್ಲೇಟು ಬೇಕೆಂದು ಮಕ್ಕಳೇ ಕೇಳುವವರೆಗೆ ಕಾಯಬೇಕು. ಪೈಥಾನ್‌ನಲ್ಲಿ 'ಅ, ಬ = ಬ, ಅ' ಎಂಬ ಒಂದೇ ಸಾಲು ಸಾಕಾದರೂ ಅದನ್ನು ಅಂದೇ ತೋರಿಸುವುದು ಬೇಡ.

ಸ್ಲೇಟಿಗೂ ಮಿತಿಯಿದೆ. ಪೈಥಾನ್‌ನಲ್ಲಿ 'ಅ' ಒಂದು ಪಟ್ಟಿಯಾಗಿದ್ದು, 'ಬ = ಅ' ಎಂದಾದ ಮೇಲೆ 'ಬ'ಗೆ ಒಂದು ಅಂಶ ಸೇರಿಸಿದರೆ ಅದು 'ಅ'ದಲ್ಲೂ ಕಾಣುತ್ತದೆ. ಅಲ್ಲಿ ಎರಡು ಸ್ಲೇಟುಗಳಿಲ್ಲ, ಒಂದೇ ಸ್ಲೇಟಿಗೆ ಎರಡು ಹೆಸರು ಚೀಟಿಗಳಿವೆ. ಪಟ್ಟಿಯ ಪಾಠ ಬಂದ ದಿನ ಚೀಟಿ ಅಂಟಿಸಿದ ಸ್ಲೇಟನ್ನು ತರಗತಿಗೆ ಒಯ್ಯಬೇಕು.